ಮಾವನ ಕೈಯಳತೆ

ಬಸವಾಪಟ್ಟಣದ ಬಸ್‌ಸ್ಟ್ಯಾಂಡಿನಲ್ಲಿ ಸಂಧ್ಯಾರಾಣಿ ಇಳಿದಾಗ ಭಾನುವಾರ ಸಂಜೆ ಐದೂಕಾಲು. ಹೊನ್ನಾಳಿ ಬಸ್ಸು ಬಂದೊಡನೆ ಗೂಡಂಗಡಿಯ ಬೆಂಚಿನ ಕೆಳಗಿಂದ ಎದ್ದು ಬಂದು ಮೆಟ್ಟಿಲ ಮೇಲೆ ಮೂತಿ ಇಡುತ್ತಿದ್ದ ನಾಯಿ ಅಲ್ಲಿರಲಿಲ್ಲ.

"ಏನ್ ಮೇಡಂ, ನಿಮ್ಮ ಪಿ.ಎ. ಇವತ್ತು ರಜಾ ಹಾಕ್ಯಾನೇನು?" ಕಂಡಕ್ಟರ್ ಪರಶುರಾಮ್ ಬಾಗಿಲಲ್ಲಿ ನಿಂತು ಕೇಳಿದ. ಆ ನಾಯಿಗೆ, ಚೊಗರನಿಗೆಂದೇ, ಅವನ ಜೇಬಿನಲ್ಲಿ ದಿನಾ ಎರಡು ಬಿಸ್ಕತ್ತು ಇರುತ್ತಿದ್ದವು. ಅವನ್ನು ಅವಳ ಕೈಗಿಟ್ಟು, "ಮರೀದಂಗೆ ಕೊಡ್ರಿ, ಇಲ್ಲಾಂದ್ರೆ ನಾಳೆ ನನ್ನ ಮೂಸಿಯೂ ನೋಡಾಂಗಿಲ್ಲ" ಎಂದು ಸೀಟಿ ಊದಿದ.

ಅವಳು ತಿಂಗಳಿಗೊಮ್ಮೆ ನ್ಯಾಮತಿಯ ತವರಿಗೆ ಹೋಗಿ ಒಂದು ರಾತ್ರಿ ಇದ್ದು ಬರುವವಳು. ಉಳಿದ ದಿನ ಹೊನ್ನಾಳಿಯ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಅತಿಥಿ ಉಪನ್ಯಾಸಕಿ. ಎಲ್ಲಿಂದ ಬಂದರೂ ಈ ಬಸ್ಸಿಗೇ ಬರಬೇಕು, ಬಂದರೆ ನಾಯಿ ಇರಬೇಕು. ಇಪ್ಪತ್ತು ತಿಂಗಳಲ್ಲಿ ಒಂದು ದಿನವೂ ಇದು ತಪ್ಪಿರಲಿಲ್ಲ. ಬಿಸ್ಕತ್ತು ಕೈಯಲ್ಲಿ ಹಿಡಿದುಕೊಂಡೇ ಅವಳು ಮನೆಯತ್ತ ನಡೆದಳು.

ಚೊಗರ ಎಂದು ಹೆಸರಿಟ್ಟವನು ಅವಳ ಗಂಡ ಪ್ರವೀಣ್ ಕುಮಾರ್. ಅಡಿಕೆ ಬೇಯಿಸಿದ ನೀರು ಮತ್ತೆ ಮತ್ತೆ ಕುದಿದು ಉಳಿಯುವ ಕೆಂಪು ರಸಕ್ಕೆ ಚೊಗರು ಅನ್ನುತ್ತಾರೆ. ಆರು ವರ್ಷದ ಹಿಂದೆ ಗೇಣುದ್ದದ ನಾಯಿಮರಿಯೊಂದು ಆರಿದ ಚೊಗರಿನ ಹಂಡೆಗೆ ಬಿದ್ದು ಕುಂಯ್ ಅನ್ನುತ್ತಿತ್ತಂತೆ. ಪ್ರವೀಣ್ ಅದನ್ನು ಎತ್ತಿ ಸೋಪು ಹಚ್ಚಿ ತೊಳೆದ. ಕೆಂಪು ಹೋಗಲಿಲ್ಲ. ಮತ್ತೆ ತೊಳೆದ. ಮೂರನೇ ಸಲ ತೊಳೆಯುವಾಗ ಅವನಪ್ಪ ಜಗಲಿಯಿಂದಲೇ, "ಲೇ, ಅದು ಹುಟ್ಟಿದ ಬಣ್ಣ ಕಣೋ, ಚರ್ಮ ಸುಲೀಬ್ಯಾಡ" ಅಂದರಂತೆ. ಮದುವೆಯಾಗಿ ಬಂದ ವಾರದಲ್ಲೇ ಸಂಧ್ಯಾರಾಣಿಗೆ ಈ ಕಥೆಯನ್ನು ನಾಲ್ಕು ಮಂದಿ ಹೇಳಿದ್ದರು. ಅವಳಿಗೆ ನಾಯಿ ಅಂದರೆ ಅಷ್ಟಕ್ಕಷ್ಟೆ. ಚೊಗರ ಅವಳ ಎಡಗಾಲಿನ ಚಪ್ಪಲಿಯನ್ನಷ್ಟೇ ಹೊತ್ತೊಯ್ಯುತ್ತಿತ್ತು, ಬಲಗಾಲಿನದನ್ನು ಮುಟ್ಟುತ್ತಿರಲಿಲ್ಲ. "ಒಂದೇ ಒಯ್ದ್ರೆ ನೀನು ಎಲ್ಲಿಗೂ ಹೋಗಂಗಿಲ್ಲ ಅಂತ ಲೆಕ್ಕ ಹಾಕೈತೆ" ಎಂದು ಪ್ರವೀಣ್ ನಗುತ್ತಿದ್ದ.

ಅವನು ಬೆಳಿಗ್ಗೆ ಅವಳನ್ನು ಬೈಕಿನಲ್ಲಿ ಬಸ್ಸಿಗೆ ಬಿಡುವಾಗ ನಾಯಿ ಹಿಂದೆ ಓಡುತ್ತಿತ್ತು. ಸಂಜೆ ಕರೆತರಲು ಹೊರಟಾಗಲೂ ಓಡುತ್ತಿತ್ತು. ಆಮೇಲೆ ಬೈಕು ಶೆಡ್ಡಿನ ಮೂಲೆ ಸೇರಿತು. ನಾಯಿ ಮಾತ್ರ ತನ್ನ ಡ್ಯೂಟಿ ಬಿಡಲಿಲ್ಲ. ಬೆಳಿಗ್ಗೆ ಎಂಟಕ್ಕೆ ಒಯ್ದು ಬಿಡುವುದು, ಸಂಜೆ ಕರೆತರುವುದು, ರಾತ್ರಿ ಅವಳ ಕೋಣೆಯ ಹೊಸ್ತಿಲಿಗೆ ಅಡ್ಡ ಮಲಗುವುದು. ಯಾರೂ ಹೇಳಿಕೊಟ್ಟದ್ದಲ್ಲ.

ಮನೆಯಲ್ಲಿ ಅತ್ತೆ ಪ್ರೇಮಮ್ಮ ಮೊರದಲ್ಲಿ ಅಕ್ಕಿ ಹಾಕಿಕೊಂಡು ಕಲ್ಲು ಆರಿಸುತ್ತಿದ್ದರು. ಈಗಿನ ಅಕ್ಕಿಯಲ್ಲಿ ಕಲ್ಲಿರುವುದಿಲ್ಲ.

"ಚೊಗರ ಎಲ್ಲತ್ತೆ?"

"ಹೋತು ಕಣವ್ವಾ, ಬೆಳಿಗ್ಗೆ." ತಲೆ ಎತ್ತಲಿಲ್ಲ. "ಹಾವು ಮುಟ್ಟಿತ್ತಂತೆ. ಕಲ್ಲೇಶ ತಗಂಡೋಗಿ ಮಣ್ಣು ಮಾಡಿದ."

ಕಲ್ಲೇಶ್ ಗಂಡನ ದೊಡ್ಡಪ್ಪನ ಮಗ. ಅಡಿಕೆ ಸುಲಿಯುವ ಯಂತ್ರ, ಟ್ರ್ಯಾಕ್ಟರು, ಕೊಯ್ಲಿನ ಜನ ಎಲ್ಲ ಅವನ ಉಸ್ತುವಾರಿ. ಶೆಡ್ಡಿನಲ್ಲಿ ಯಂತ್ರಕ್ಕೆ ಗ್ರೀಸು ಬಳಿಯುತ್ತಿದ್ದ.

"ಭಾವ, ಚೊಗರಂಗೆ ಏನಾತು?"

"ಏನ್ಮಾಡಾದು ಸಂಧ್ಯಾ, ಟ್ರ್ಯಾಕ್ಟರ್ ಹಿಂದಕ್ಕೆ ತಗಿಯೋವಾಗ ಗಾಲಿಗೆ ಸಿಕ್ತು."

"ಅತ್ತೆ ಹಾವು ಅಂದ್ರು."

ಕಲ್ಲೇಶ್ ಗ್ರೀಸಿನ ಬೆರಳನ್ನು ನೋಡಿಕೊಂಡ. "ಹಾವೂ ಮುಟ್ಟಿತ್ತು. ಆ ಸಂಕಟಕ್ಕೇ ಗಾಲಿಗೆ ಬಂದಿದ್ದು."

ಮಾವ ಜಯದೇವಪ್ಪನವರು ಜಗಲಿಯಲ್ಲಿ ಕೂತು ಒಂದೊಂದೇ ಅಡಿಕೆಯನ್ನು ಹಲ್ಲಿಗೆ ಕೊಟ್ಟು ಕಡಿದು ನೋಡುತ್ತಿದ್ದರು. ಅವಳು ಕೇಳುವ ಮೊದಲೇ ಅಂದರು: "ವಯಸ್ಸಾಗಿತ್ತಲ್ಲವ್ವಾ."

"ಆರು ವರ್ಷ, ಮಾವ."

"ನಾಯಿಗೆ ಆರು ಅಂದ್ರೆ ಮನುಷ್ಯಂಗೆ ಐವತ್ತು ದಾಟ್ದಂಗೆ. ಶಿವ ಕರ್ಕಂಡ. ಹೋಗು, ಕೈಕಾಲು ತೊಳ್ಕೊಂಡು ಕಾಫಿ ಕುಡಿ."

ಅವಳು ಕೈಕಾಲು ತೊಳೆದುಕೊಂಡಳು. ಕಾಫಿ ಕುಡಿಯಲಿಲ್ಲ. ಒಂದು ನಾಯಿ ಒಂದೇ ಬೆಳಿಗ್ಗೆ ಮೂರು ಸಾವು ಸತ್ತಿತ್ತು. ಮೂವರೂ ದೊಡ್ಡವರು, ದಿನಾ ವಿಭೂತಿ ಹಚ್ಚುವವರು. ಸುಳ್ಳು ಹೇಳುವುದಾದರೆ ಕೂತು ಮಾತಾಡಿಕೊಂಡು ಒಂದೇ ಸುಳ್ಳು ಹೇಳಬಾರದಿತ್ತೆ? ಅಷ್ಟು ಕಷ್ಟವನ್ನೂ ಅವಳಿಗಾಗಿ ಯಾರೂ ಪಟ್ಟಿರಲಿಲ್ಲ. ಕೇಳುವವಳಲ್ಲ ಎಂಬ ಧೈರ್ಯ. ಆ ಧೈರ್ಯವನ್ನು ಅವರಿಗೆ ಕೊಟ್ಟವಳು ತಾನೇ ಎಂದು ನೆನೆದಾಗ ಅವಳ ಎದೆಯೊಳಗೆ ಏನೋ ಸುರ್ ಎಂದು ಸುಟ್ಟಿತು. ಇಪ್ಪತ್ತು ತಿಂಗಳಿಂದ ಅಲ್ಲಿ ಏನೂ ಆಗುತ್ತಿರಲಿಲ್ಲ. ಬಿಸಿಯೂ ಇಲ್ಲ, ತಣ್ಣಗೂ ಇಲ್ಲ.

ಇಪ್ಪತ್ತು ತಿಂಗಳ ಹಿಂದೆ, ಅವತ್ತೂ ಭಾನುವಾರವೇ. ಬೆಳಿಗ್ಗೆ ಏಳಕ್ಕೆ ಪ್ರವೀಣ್ ಎದೆ ಒತ್ತಿಕೊಂಡು ಕೂತ. ಮೂವತ್ತೆರಡು ವರ್ಷ. ಎಡಭುಜದವರೆಗೆ ಸೆಳೆತ, ಮೈತುಂಬ ಬೆವರು. ಅವಳು ಕಾರು ತೆಗೆಯಿರಿ, ದಾವಣಗೆರೆಗೆ ಹೋಗೋಣ ಅಂದಳು. ಮಾವ ಮಗನ ಹೊಟ್ಟೆಗೆ ಕೈಯಿಟ್ಟು ನಾಲ್ಕು ಕಡೆ ಒತ್ತಿದರು. "ಗ್ಯಾಸು," ಅಂದರು.

ಜಯದೇವಪ್ಪನವರ ಕೈ ಅಂದರೆ ಆ ಸೀಮೆಯಲ್ಲೇ ಹೆಸರು. ಅವರದು ಖೇಣಿ ವ್ಯಾಪಾರ: ತೋಟದ ಫಸಲನ್ನು ಮರದಲ್ಲೇ ನೋಡಿ ಮಾತಾಡಿ, ತಾವೇ ಕೊಯ್ಯಿಸಿ, ಸುಲಿಸಿ, ಬೇಯಿಸಿ, ಒಣಗಿಸಿ ಮಾರುವುದು. ಮರ ನೋಡಿ ಗೊನೆಯ ತೂಕ ಹೇಳುತ್ತಿದ್ದರು. ಒಂದು ಹಿಡಿ ಅಡಿಕೆ ಹಿಡಿದು ಇನ್ನೆಷ್ಟು ಬಿಸಿಲು ಬೇಕು ಅನ್ನುತ್ತಿದ್ದರು. ತಕ್ಕಡಿಗೆ ಹಾಕಿದರೆ ಕೂದಲೆಳೆ ವ್ಯತ್ಯಾಸ ಬರುತ್ತಿರಲಿಲ್ಲ. ಚನ್ನಗಿರಿಯ ಮಂಡಿಯವರೂ "ಅಪ್ಪಾರ ಕೈ ಏನಂತತೆ?" ಎಂದು ಕೇಳುತ್ತಿದ್ದರು. ಹಾಗೆ ಕೇಳಿ ಕೇಳಿಯೇ ಇರಬೇಕು, ಎಮ್ಮೆಗೆ ಹೊಟ್ಟೆ ಉಬ್ಬರಿಸಿದರೂ, ಬಾಣಂತಿಗೆ ನಂಜಾದರೂ, ಕೂಸು ಹಾಲು ಕುಡಿಯದಿದ್ದರೂ ಊರವರು ಅವರ ಕೈಯನ್ನೇ ಕೇಳಲು ಬರತೊಡಗಿದ್ದರು. ಕೈ ಎಲ್ಲದಕ್ಕೂ ಉತ್ತರ ಕೊಡುತ್ತಿತ್ತು.

ಓಮ-ಜೀರಿಗೆ ಕಷಾಯ ಬಂತು. ಸೋಡಾ ಬಂತು. ಬೆನ್ನಿಗೆ ಬಿಸಿ ಎಣ್ಣೆ ತಿಕ್ಕಿದರು. ಅವಳು ಇನ್ನೂ ಎರಡು ಸಲ ಕಾರು ಅಂದಳು. "ಎಂ.ಎಸ್ಸಿ. ಓದಿದೋರಿಗೆ ತೇಗು ಬಂದ್ರೂ ಹಾರ್ಟೇ ಕಾಣ್ತತೆ" ಎಂದು ಮಾವ ನಕ್ಕರು, ನೋವಿನ ನಡುವೆ ಪ್ರವೀಣನೂ ನಕ್ಕ. ಕಾರು ಹೊರಟಾಗ ಹತ್ತು ಗಂಟೆ. ನಾಯಿ ನಾಲೆಯ ಸೇತುವೆಯವರೆಗೂ ಕಾರಿನ ಹಿಂದೆ ಓಡಿ ಬಂತು. ದಾವಣಗೆರೆ ಇನ್ನೂ ಹತ್ತು ಕಿಲೋಮೀಟರ್ ಇದ್ದಾಗ ಅವಳ ತೊಡೆಯ ಮೇಲಿದ್ದ ತಲೆ ಭಾರವಾಯಿತು.

ಆಮೇಲೆ ಬಂದವರೆಲ್ಲ ಒಂದೇ ಮಾತು ಅಂದರು. ಹಣೆಬರಹ. ಶಿವ ಬರೆದದ್ದು ಅಷ್ಟೇ. ಆಯುಷ್ಯ ತೀರಿದ ಮೇಲೆ ಡಾಕ್ಟ್ರು ಏನು ಮಾಡ್ತಾನೆ. ಮೂರು ಗಂಟೆಯ ಮಾತನ್ನು ಯಾರೂ ಎತ್ತಲಿಲ್ಲ. ಅವಳೂ ಎತ್ತಲಿಲ್ಲ. ಅಳಲೂ ಇಲ್ಲ. ಅದಕ್ಕೂ ಒಂದು ಮಾತು ಹುಟ್ಟಿತು: "ಓದಿದ ಹುಡುಗಿ, ಕಣ್ಣೀರು ಬರಾದಿಲ್ಲ." ಹಣೆಬರಹ ಅನ್ನದೆ ಅವಳ ಪಕ್ಕ ಕೂತದ್ದು ಆ ಕೆಂಪು ನಾಯಿ ಒಂದೇ.

ಸೋಮವಾರ ಬೆಳಿಗ್ಗೆ ಅವಳು ಕಾಲೇಜಿಗೆ ಫೋನು ಮಾಡಿ ಬರುವುದಿಲ್ಲ ಅಂದಳು. ನೇರ ಕಣಕ್ಕೆ ಹೋದಳು. ಕಣದಲ್ಲಿ ಎಂಟು ಹತ್ತು ಹೆಂಗಸರು ಯಂತ್ರ ಬಿಟ್ಟ ಅಡಿಕೆಯನ್ನು ಕತ್ತಿಯಲ್ಲಿ ಸುಲಿಯುತ್ತ ಕೂತಿದ್ದರು. ಅವರಲ್ಲಿ ಹಿರಿಯಳು ದುರುಗಕ್ಕ. ಜಗಳೂರು ಕಡೆಯ ಹಳ್ಳಿಯವಳು. ಪ್ರತಿ ಸುಗ್ಗಿಗೂ ತನ್ನ ಜನ ಕಟ್ಟಿಕೊಂಡು ಬಂದು ಶೆಡ್ಡಿನ ಹಿಂದಿನ ಕೋಣೆಯಲ್ಲಿ ಇರುತ್ತಿದ್ದಳು. ತನ್ನ ರೊಟ್ಟಿಯಲ್ಲಿ ಚೊಗರನಿಗೊಂದು ಚೂರು ಮುರಿದಿಟ್ಟೇ ತಿನ್ನುವವಳು.

"ದುರುಗಕ್ಕ, ಹಾವೋ, ಟ್ರ್ಯಾಕ್ಟರೋ, ವಯಸ್ಸೋ?"

ದುರುಗಕ್ಕನ ಕತ್ತಿ ನಿಂತಿತು. ಉಳಿದವರ ಕತ್ತಿಗಳು ಇನ್ನೂ ಜೋರಾಗಿ ಆಡಿದವು.

"ಕೇಳ್ತೀರೋ ಇಲ್ಲೋ ಅಂತ ನೆನ್ನೆಯಿಂದ ಕಾಯ್ತಿದ್ದೆ ಮೇಡಂ. ಕೇಳದಿದ್ರೆ ನಾನೇ ಹೇಳಾಕೆ ಆಗ್ತಿರಲಿಲ್ಲ. ಕೇಳಿದ್ರಲ್ಲ, ಈಗ ಹೇಳ್ತೀನಿ."

"ನಿನ್ನ ಹೆಸರು ತರಲ್ಲ."

"ತರ್ರಿ. ಸುಗ್ಗಿ ಮುಗೀತು. ಗಂಜಿ ನಮ್ಮ ಜಗಳೂರಾಗೂ ಐತೆ."

ಹೇಳಿದಳು. ನಾಯಿ ನೆಲಕ್ಕೆ ಹಿಂಭಾಗ ಉಜ್ಜುತ್ತಿತ್ತು, ಬಡಕಲಾಗಿತ್ತು. ಹೊಟ್ಟೆಹುಳ ಅಂದರು ಯಜಮಾನರು. ಹುಳಕ್ಕೆ ಅಡಿಕೆ ಪುಡಿ ಹಾಲಿನಲ್ಲಿ ಕಲೆಸಿ ಕುಡಿಸುವುದು ಆ ಕಡೆ ಹಿಂದಿನಿಂದ ಇದ್ದ ಮದ್ದು. ಕರುಗಳಿಗೆ ಅವರೇ ಎಷ್ಟೋ ಸಲ ಹಾಕಿದ್ದರು. ಭಾನುವಾರ ಬೆಳಿಗ್ಗೆ ಏಳಕ್ಕೆ ಬೇಯಿಸದೆ ಒಣಗಿಸಿದ ಅಡಿಕೆಯನ್ನು ಕುಟ್ಟಿ, ಕೈಯಳತೆಯಲ್ಲಿ ಹಾಲಿಗೆ ಹಾಕಿ ಇಟ್ಟರು.

"ವಾಸನೆ ನೋಡಿ ಹಿಂದಕ್ಕೆ ಸರೀತು ಮೇಡಂ. ಯಜಮಾನ್ರು ತಲೆ ಸವರಿ 'ಕುಡಿಯೋ ಮಗನೆ' ಅಂದ್ರು. ಅವರ ಕೈಯಂದು ಅಂತ ಕುಡೀತು. ಸ್ವಲ್ಪ ಹೊತ್ತಿಗೇ ಜೊಲ್ಲು ಸುರಿಯಾಕೆ ಹತ್ತಿತು. ಮೈಯೆಲ್ಲ ನಡುಕ. ಕಾಲು ಸೆಟೆದು ನಿಂತವು. ಚನ್ನಗಿರಿಗೆ ಒಯ್ರಿ, ದನದ ಡಾಕ್ಟ್ರು ಅವ್ರೆ ಅಂದೆ. 'ಹುಳ ಸಾಯೋವಾಗ ಹಿಂಗೇ ಆಗಾದು, ನೀನು ಅಡಿಕೆ ಸುಲಿ' ಅಂದ್ರು. ಮಜ್ಜಿಗೆ ಹೊಯ್ದ್ರು. ನೆತ್ತಿಗೆ ನಿಂಬೆಹಣ್ಣು ತಿಕ್ಕಿದ್ರು. ಅದು ಎದ್ದು ಬಸ್‌ಸ್ಟ್ಯಾಂಡ್ ಕಡೆ ಹೋಗಾಕೆ ನೋಡ್ತು. ಗೇಟಿನ ತನಕ ಹೋಗಿ ಬಿತ್ತು."

"ಎಷ್ಟು ಗಂಟೆಗೆ?"

"ಹತ್ತು."

ಏಳರಿಂದ ಹತ್ತು. ಸಂಧ್ಯಾರಾಣಿ ಕಣದ ಸಿಮೆಂಟಿನ ಮೇಲೆ ಕೂತುಬಿಟ್ಟಳು. ದುರುಗಕ್ಕ ನೀರಿನ ಚೊಂಬು ಮುಂದೆ ಮಾಡಿದಳು. ಅವಳು ಕುಡಿದು, ಎದ್ದು, ಕಲ್ಲೇಶನನ್ನು ಹುಡುಕಿಕೊಂಡು ಹೋದಳು.

"ಭಾವ, ಎಲ್ಲಿ ಮಣ್ಣು ಮಾಡಿದ್ರಿ, ತೋರಿಸಿ."

"ಈಗ್ಯಾಕೆ ಅದು? ಸತ್ತ ನಾಯಿನ..."

"ಗಾಲಿಯ ಗುರುತು ನೋಡ್ಬೇಕು. ಹಾವಿನ ಹಲ್ಲಿನ ಗುರುತೂ ನೋಡ್ಬೇಕು. ಎರಡೂ ಇರ್ತಾವಲ್ಲ."

ಕಲ್ಲೇಶ್ ಅವಳ ಮುಖ ನೋಡಿದ. ಆಮೇಲೆ ಸಲಿಕೆ ತೆಗೆದುಕೊಂಡು ಮುಂದೆ ನಡೆದ. ಮಣ್ಣು ಮಾಡಿರಲಿಲ್ಲ. ಊರ ಹೊರಗೆ ರಸ್ತೆ ಬದಿಗೆ ಎಲ್ಲರೂ ಸುರಿಯುವ ಅಡಿಕೆ ಸಿಪ್ಪೆಯ ರಾಶಿ ಆಳೆತ್ತರ ಬೆಳೆದಿತ್ತು. ಒಂದು ಕಡೆ ಯಾರೋ ಇಟ್ಟ ಬೆಂಕಿ ಒಳಗೊಳಗೇ ಬೇಯುತ್ತ ಹೊಗೆಯಾಡುತ್ತಿತ್ತು.

"ಇಲ್ಲಿ ಹಾಕಿದ್ರಾ?"

"ಚಿಕ್ಕಪ್ಪ ಬೇಗ ಮುಗಿಸು ಅಂದ್ರು. ನೀನು ಬರಾದ್ರೊಳಗೆ."

"ಸುಟ್ಟು ಬೂದಿಯಾದ್ರೆ ಗುರುತು ಸಿಗಲ್ಲ ಅಂತನಾ?"

"ಹಂಗಲ್ಲ ಸಂಧ್ಯಾ. ನಿಂಗೆ ಬ್ಯಾಸರ ಆಗಬಾರದು ಅಂತ. ಒಳ್ಳೇದಕ್ಕೇ."

ಒಳ್ಳೇದಕ್ಕೇ. ಈ ಮನೆಯಲ್ಲಿ ಎಲ್ಲವೂ ಒಳ್ಳೆಯದಕ್ಕೇ ಆಗುತ್ತಿತ್ತು. ಕಷಾಯ ಒಳ್ಳೆಯದಕ್ಕೆ, ಅಡಿಕೆ ಪುಡಿ ಒಳ್ಳೆಯದಕ್ಕೆ, ಸುಳ್ಳು ಒಳ್ಳೆಯದಕ್ಕೆ. ಕೆಟ್ಟದ್ದನ್ನು ಬಯಸಿದವರು ಒಬ್ಬರೂ ಇರಲಿಲ್ಲ, ಆದರೂ ಎರಡು ಸಾವಾಗಿತ್ತು. ಕೆಟ್ಟವರಾಗಿದ್ದರೆ ಹೋಗಿ ಜಗಳವಾಡಬಹುದಿತ್ತು. ಒಳ್ಳೆಯವರ ಜೊತೆ ಯಾವ ಬಾಯಿಂದ ಜಗಳವಾಡುವುದು?

ಅವಳು ಸಲಿಕೆ ಮುಟ್ಟಗೊಡಲಿಲ್ಲ. ಕೈಯಿಂದಲೇ ಸಿಪ್ಪೆ ಬಗೆದಳು. ಒಂದು ಮೊಳದಷ್ಟು ಒಳಗೆ ಕೆಂಪು ಬೆನ್ನು ಕಂಡಿತು. ಬೆಂಕಿ ಅಲ್ಲಿಗಿನ್ನೂ ಬಂದಿರಲಿಲ್ಲ. ಗಾಲಿಯ ಗುರುತಿರಲಿಲ್ಲ, ಹಲ್ಲಿನ ಗುರುತಿರಲಿಲ್ಲ. ಮೂತಿಯ ಸುತ್ತ ಒಣಗಿದ ನೊರೆ, ಕಾಲು ನಾಲ್ಕೂ ಕೋಲಿನ ಹಾಗೆ. ಕೊರಳಲ್ಲಿ ಪ್ರವೀಣ್ ತನ್ನ ಹಳೆಯ ಬೆಲ್ಟು ಕತ್ತರಿಸಿ ಮಾಡಿದ ಪಟ್ಟಿ. ಅದಕ್ಕೆ ಮೊಳೆಯಿಂದ ತೂತು ಹಾಕಿದ್ದ, ತೂತು ಸೊಟ್ಟಗಿತ್ತು.

ಅಲ್ಲೇ ನಿಂತು ಅವಳು ಚನ್ನಗಿರಿಯ ಪಶುವೈದ್ಯೆ ಹೇಮಾವತಿಯವರಿಗೆ ಫೋನು ಮಾಡಿದಳು. ವರ್ಷಕ್ಕೊಮ್ಮೆ ಚೊಗರನಿಗೆ ರೇಬೀಸ್ ಚುಚ್ಚುಮದ್ದು ಹಾಕುತ್ತಿದ್ದವರು ಅವರೇ. ವೈದ್ಯೆ ಲಕ್ಷಣಗಳನ್ನು ಒಂದೊಂದಾಗಿ ಕೇಳಿಕೊಂಡರು.

"ಅಡಿಕೆ ಹಾಕಿದ್ರಾ?"

"ಹೂಂ. ಬೇಯಿಸದ್ದು."

"ಅದು ಇನ್ನೂ ಜೋರು. ಬೇಯಿಸಿದ್ರೆ ಅದರ ವಿಷದಂಶ ಸ್ವಲ್ಪ ಚೊಗರಿನ ನೀರಿಗೆ ಇಳಿಯುತ್ತೆ. ಹಿಂದಿನವರು ಕೊಡ್ತಿದ್ರು, ನಾವು ಯಾರೂ ಈಗ ಕೊಡಲ್ಲ. ಕೊಟ್ಟಿದ್ದೇ ಆದ್ರೂ ಆ ಸೈಜಿನ ನಾಯಿಗೆ ಮೂರ್ನಾಲ್ಕು ಗ್ರಾಂ ದಾಟಬಾರದಿತ್ತು. ಎಷ್ಟು ಹಾಕಿದ್ರು?"

"ಗೊತ್ತಿಲ್ಲ. ಕೈಯಳತೆ."

"ಹುಳಕ್ಕೆ ಒಂದು ಮಾತ್ರೆ ಸಾಕಿತ್ತು ಸಂಧ್ಯಾರಾಣಿ. ನಿಮ್ಮ ಮಾವನೇ ಹೋದ ವಾರ ಇಲ್ಲಿ ನಮ್ಮ ಬಾಗಿಲ ಮುಂದೆ ಹಾದು ಹೋದ್ರು."

"ನಡುಕ ಶುರುವಾದ ಮೇಲೆ ತಂದಿದ್ರೆ?"

"ಅದಕ್ಕೆ ಎದುರು ಇಂಜೆಕ್ಷನ್ ಇದೆ. ಬೇಗ ತಂದಿದ್ರೆ ಉಳಿಸೋ ಪ್ರಯತ್ನ ಮಾಡ್ತಿದ್ದೆ. ಭಾನುವಾರ ಆದ್ರೂ ನಾನು ಫೋನ್ ಎತ್ತುತ್ತೀನಿ."

ಅವಳು ರಾಶಿಯ ಪಕ್ಕ ಬಿದ್ದಿದ್ದ ಗೋಣಿಚೀಲ ಹಾಸಿದಳು. ಕಲ್ಲೇಶ್ ಕಾಲು ಹಿಡಿದ. ಇಬ್ಬರೂ ಹೊತ್ತು ತಂದರು. ಮನೆಯ ಹಿಂದಕ್ಕೆ ತಿರುಗಲು ಹೊರಟ ಕಲ್ಲೇಶನಿಗೆ ಅವಳು "ಕಣಕ್ಕೆ" ಅಂದಳು.

ಕಣದ ತುಂಬ ಬೇಯಿಸಿದ ಅಡಿಕೆ ಹರವಿತ್ತು. ಅಂಚಿನಲ್ಲಿ ಜಯದೇವಪ್ಪನವರು ಸ್ಟೂಲು ಹಾಕಿ ಕೂತಿದ್ದರು. ಪಕ್ಕದಲ್ಲಿ ಸ್ಯಾಂಪಲ್ ತೂಗುವ ಸಣ್ಣ ಎಲೆಕ್ಟ್ರಾನಿಕ್ ತಕ್ಕಡಿ. ಪ್ರವೀಣ್ ತಂದದ್ದು, ಮಂಡಿಯವರಿಗೆ ತೋರಿಸಲಷ್ಟೇ ಬಳಕೆ. ಗೋಣಿಚೀಲವನ್ನು ಅವರ ಕಾಲ ಮುಂದೆ ಇಳಿಸಿದ್ದೇ ಅವರು ಎದ್ದು ನಿಂತರು.

"ಏನವ್ವಾ ಇದು? ಅಡಿಕೆ ಕಣಕ್ಕೆ ಹೆಣ ತರ್ತಾರಾ ಯಾರಾದ್ರೂ? ಲಕ್ಷ್ಮಿ ಇರೋ ಜಾಗ."

"ಮಾವ, ಹಾವೂ ಮುಟ್ಟಿಲ್ಲ, ಗಾಲಿಯೂ ಹತ್ತಿಲ್ಲ. ನೋಡಿ."

ಅವರು ನೋಡಲಿಲ್ಲ. ಸುಲಿಯುವವರತ್ತ ನೋಡಿದರು. ದುರುಗಕ್ಕ ಕತ್ತಿ ಕೆಳಗಿಟ್ಟು ಸೆರಗಿನಲ್ಲಿ ಕೈ ಒರೆಸಿಕೊಂಡಳು.

"ಅತ್ತ ನೋಡಬ್ಯಾಡ್ರಿ ಯಜಮಾನ್ರೆ. ನಾನೇ ಹೇಳಿದ್ದು."

ಅಷ್ಟರಲ್ಲಿ ಪ್ರೇಮಮ್ಮ ಹಿತ್ತಿಲ ಬಾಗಿಲಿಂದ ಬಂದು ಸೊಸೆಯ ತೋಳು ಹಿಡಿದರು. "ಬ್ಯಾಡ ಕಣೇ ಸಂಧ್ಯಾ. ಒಂದು ನಾಯಿಗಾಗಿ ನಾಲ್ಕು ಜನರ ಮುಂದೆ ಮಾವಂಗೆ ಎದುರು ಮಾತಾಡ್ತಾರಾ? ಗಂಡ ಹೋದಾಗ ಬಾಯಿ ಬಿಡದವಳು..."

"ಅದಕ್ಕೇ ಅತ್ತೆ. ಅವತ್ತು ಬಿಟ್ಟಿದ್ರೆ ಇವತ್ತು ಇದು ಬದುಕಿರ್ತಿತ್ತು."

ಪ್ರೇಮಮ್ಮನ ಕೈ ತಾನಾಗಿ ಸಡಿಲವಾಯಿತು. ಸಂಧ್ಯಾರಾಣಿ ಒಳಗೆ ಹೋಗಿ ಅಡುಗೆಮನೆಯ ಒರಳಿನ ಪಕ್ಕ ಇದ್ದ ಡಬ್ಬಿ ತಂದಳು. ಅದರಲ್ಲಿ ನಿನ್ನೆ ಕುಟ್ಟಿದ ಪುಡಿ ಇನ್ನೂ ಉಳಿದಿತ್ತು. ಮುಚ್ಚಳ ತೆಗೆದು ಮಾವನ ಮುಂದೆ ಹಿಡಿದಳು.

"ಎಷ್ಟು ಹಾಕಿದ್ರಿ, ತೋರಿಸಿ ಮಾವ."

"ಎಷ್ಟು ಅಂದ್ರೆ? ಹಾಕೋ ಅಷ್ಟು ಹಾಕಿದೆ. ನಮ್ಮಪ್ಪ ಹಾಕ್ತಿದ್ದ, ನಮ್ಮಜ್ಜ ಹಾಕ್ತಿದ್ದ. ನಿಮ್ಮ ಪುಸ್ತಕ ಹುಟ್ಟಾಕೆ ಮುಂಚೆ ನಮ್ಮ ಕೈ ಹುಟ್ಟೈತೆ. ಒಳ್ಳೇ ಮನಸ್ಸಿಂದ ಮಾಡಿದ್ದು ಕಣವ್ವಾ. ಅದು ನಂದೂ ನಾಯಿನೇ."

"ಗೊತ್ತು ಮಾವ. ಎಷ್ಟು, ಅಷ್ಟು ತೋರಿಸಿ ಸಾಕು. ನಿಮ್ಮ ಕೈ ತಪ್ಪಲ್ಲವಲ್ಲ."

ಕೊನೆಯ ಮಾತು ಅವರನ್ನು ಚುಚ್ಚಿರಬೇಕು. ನಲವತ್ತು ವರ್ಷದ ಹೆಸರು. ಜಯದೇವಪ್ಪನವರು ಡಬ್ಬಿಗೆ ಕೈ ಹಾಕಿದರು. ನೋಡದೆಯೇ ಹಿಡಿದರು, ನೋಡದೆಯೇ ಮೇಲೆತ್ತಿದರು. ಅಂಗೈಯ ಗುಳಿಯಲ್ಲಿ ಪುಡಿ ನುಣ್ಣಗೆ ಗುಡ್ಡೆಯಾಗಿ ಕೂತಿತ್ತು. "ಇಷ್ಟು. ಒಂದು ಚಿಟಿಕೆ ಹೆಚ್ಚಿಲ್ಲ, ಕಮ್ಮಿ ಇಲ್ಲ."

"ಇಲ್ಲಿ ಹಾಕಿ," ಎಂದು ತಕ್ಕಡಿಯನ್ನು ಮುಂದಕ್ಕೆ ತಳ್ಳಿದಳು.

ಹಾಕಿದರು. ಕೆಂಪು ಅಂಕಿಗಳು ಓಡಾಡಿ ನಿಂತವು. ಮೂವತ್ತೊಂದು.

"ಡಾಕ್ಟ್ರು ಹೇಳಿದ್ದು ನಾಲ್ಕು," ಅಂದಳು. "ಬೇಯಿಸದ ಅಡಿಕೆ ಆದ್ರೆ ಇನ್ನೂ ಕಮ್ಮಿ. ನೀವು ಹಾಕಿದ್ದು ಕರುವಿನ ಅಳತೆ, ಮಾವ. ನಿಮ್ಮ ಕೈಗೆ ಕರು ಗೊತ್ತಿತ್ತು, ನಾಯಿ ಗೊತ್ತಿರಲಿಲ್ಲ. ಗೊತ್ತಿಲ್ಲ ಅಂತ ನಿಮಗೆ ಗೊತ್ತಾಗಲಿಲ್ಲ. ನಡುಕ ಕಂಡ ಮೇಲೂ ಮೂರು ಗಂಟೆ ಮಜ್ಜಿಗೆ ಹೊಯ್ದ್ರಿ. ಕಾರು ಇಲ್ಲೇ ನಿಂತಿತ್ತು."

ಅವರು ಅಲ್ಲಿಂದ ಹೊರಡಲು ನೋಡಿದರು. ಒಂದು ಹೆಜ್ಜೆ ಇಟ್ಟಾಗ ಕಾಲಿಗೆ ಗೋಣಿ ತಾಗಿತು. ಆಗ ನೋಡಿದರು. ಸೆಟೆದ ಕಾಲು, ಮೂತಿಯ ನೊರೆ, ಸೊಟ್ಟ ತೂತಿನ ಕೊರಳಪಟ್ಟಿ. ಬಹಳ ಹೊತ್ತು ನೋಡಿದರು. ಆಮೇಲೆ ಸ್ಟೂಲಿನ ಮೇಲೆ ಕೂತರು.

"ತಪ್ಪಾತು," ಅಂದರು. ಹರವಿದ ಅಡಿಕೆಗೆ ಹೇಳಿದಂತಿತ್ತು.

"ಯಾರಿಗೆ ಹೇಳ್ತಿದೀರಿ ಮಾವ?"

"ನಾಯಿಗೆ."

"ನಾಯಿಗಷ್ಟೇನಾ?"

ಕಣದಲ್ಲಿ ಯಾರ ಕತ್ತಿಯೂ ಆಡುತ್ತಿರಲಿಲ್ಲ. ಜಯದೇವಪ್ಪನವರು ಬಲಗೈಯನ್ನು ತಿರುಗಿಸಿ ಅಂಗೈ ನೋಡಿಕೊಂಡರು. ಗೆರೆಗಳೊಳಗೆ ಪುಡಿ ಸಿಕ್ಕಿಕೊಂಡಿತ್ತು. ಪಂಚೆಗೆ ಒರೆಸಿದರೂ ಹೋಗಲಿಲ್ಲ.

"ಅವತ್ತೂ ಈ ಕೈಯಾಗೇ ಒತ್ತಿ ನೋಡಿದೆ," ಅಂದರು. "ಹೊಟ್ಟೆ ಕಲ್ಲಿನಂಗೆ ಇತ್ತು. ಗ್ಯಾಸು ಅಂದೆ. ನೀನು ಕಾರು ಅಂದಿ. ಎರಡು ಸಲ ಅಂದಿ."

"ಮೂರು ಸಲ."

"ಮೂರು ಸಲ."

ಪ್ರೇಮಮ್ಮ ಕುಸಿದು ಕೂತು ಸೆರಗು ಬಾಯಿಗೆ ಒತ್ತಿಕೊಂಡರು. "ಕಾರು ತೆಗೀರಿ ಅಂತ ನಾನೂ ಅಂದಿದ್ದೆ ಕಣೇ," ಅಂದರು. "ಮನಸ್ಸಿನಾಗೆ ಅಂದಿದ್ದೆ."

ಸಂಧ್ಯಾರಾಣಿಗೆ ಈಗ ಅಳು ಬರಬೇಕು ಎಂದು ಎಲ್ಲರೂ ಕಾಯುತ್ತಿದ್ದಂತಿತ್ತು. ಬರಲಿಲ್ಲ. ಕ್ಷಮಿಸಬೇಕು ಅನ್ನಿಸಲೂ ಇಲ್ಲ. ಮಾವನ ಮುಖದಲ್ಲಿ ಮಗ ಸತ್ತ ಅಪ್ಪ ಕಾಣುತ್ತಿದ್ದ, ಅದು ಅವಳಿಗೆ ಕಂಡಿತು. ಕಂಡರೂ ಎದೆಯೊಳಗಿನ ಉರಿ ಹಾಗೇ ಇತ್ತು. ಇರಲಿ ಅಂದುಕೊಂಡಳು. ಇಷ್ಟು ದಿನ ಅದೂ ಇರಲಿಲ್ಲ.

"ಸಲಿಕೆ ತಗೋಳಿ ಭಾವ," ಅಂದಳು.

ಬೈಕು ನಿಲ್ಲಿಸಿದ್ದ ಶೆಡ್ಡಿನ ಪಕ್ಕ, ಗೇಟಿನ ಒಳಗೆ, ಹೊಂಗೆ ಮರದ ಬುಡದಲ್ಲಿ ಗುಂಡಿ ತೋಡಿದರು. ದುರುಗಕ್ಕ ತನ್ನ ಬುತ್ತಿಯ ಜೋಳದ ರೊಟ್ಟಿಯಲ್ಲಿ ಚೂರು ಮುರಿದು ಒಳಗೆ ಹಾಕಿದಳು. ಸಂಧ್ಯಾರಾಣಿ ಪರಶುರಾಮನ ಎರಡು ಬಿಸ್ಕತ್ತು ಹಾಕಿದಳು. ಪಟ್ಟಿಯನ್ನು ಬಿಚ್ಚಿಕೊಂಡಳು. ಆಮೇಲೆ ಒಳಗೆ ಹೋಗಿ ಎಡಗಾಲಿನ ಚಪ್ಪಲಿಯೊಂದನ್ನು ತಂದು ಮೂತಿಯ ಹತ್ತಿರ ಇಟ್ಟಳು. ಅದರ ಜೋಡಿ ಚಪ್ಪಲಿ ಮನೆಯಲ್ಲೇ ಉಳಿಯಿತು. ಮಾವ ಬಂದು ನಿಂತರು. ಎಲ್ಲರೂ ಮಣ್ಣು ಹಾಕಿದರು. ಅವರು ಒಂದು ಹಿಡಿ ತೆಗೆದುಕೊಂಡು, ಹಾಕಲು ತಿಳಿಯದೆ, ಕೈಯಲ್ಲೇ ಹಿಡಿದುಕೊಂಡು ನಿಂತರು.

ಸಂಜೆ ಪ್ರೇಮಮ್ಮ ಕಾಫಿ ಕೊಡುವಾಗ ಮೆಲ್ಲಗೆ ಅಂದರು: "ಆಗಿದ್ದಾತು. ಹೊರಗೆ ಯಾರಾದ್ರೂ ಕೇಳಿದ್ರೆ ಹಾವು ಅಂದ್ಬಿಡವ್ವಾ. ಮಾವನ ಹೆಸರು..."

ಜಗಲಿಯಿಂದ ಜಯದೇವಪ್ಪನವರ ದನಿ ಬಂತು. "ಯಾಕೆ ಹಾವು ಅನ್ನಬೇಕು? ಇದ್ದದ್ದು ಇದ್ದಂಗೆ ಹೇಳ್ಲಿ ಬಿಡು."

ಅಪ್ಪಣೆ ಬೇಕಿರಲಿಲ್ಲ ಅವಳಿಗೆ. ಆದರೂ ಕೇಳಿಸಿಕೊಂಡಳು.

ಮಂಗಳವಾರ ಬೆಳಿಗ್ಗೆ ಎಂಟಕ್ಕೆ ಅವಳು ಒಬ್ಬಳೇ ಬಸ್‌ಸ್ಟ್ಯಾಂಡಿಗೆ ನಡೆದಳು. ಗೂಡಂಗಡಿಯ ಬೆಂಚಿನ ಕೆಳಗೆ ಬೇರೊಂದು ನಾಯಿ ಮಲಗಿತ್ತು, ಅದು ತಲೆ ಎತ್ತಲಿಲ್ಲ. ಹೊನ್ನಾಳಿ ಬಸ್ಸು ತುಂಬಿತ್ತು. ಸಂತೆಗೆ ಹೊರಟವರು, ಕಾಲೇಜು ಹುಡುಗಿಯರು, ಮಾವನ ಕೈ ಬಲ್ಲ ಇಬ್ಬರು ಅಡಿಕೆಯವರು. ಪರಶುರಾಮ್ ಟಿಕೆಟ್ ಹರಿಯುತ್ತ ಬಂದ.

"ಪಿ.ಎ. ಇವತ್ತೂ ರಜಾನಾ ಮೇಡಂ?"

"ಸತ್ತೋತು," ಅಂದಳು.

"ಅಯ್ಯೋ ಶಿವನೆ. ಏನಾಗಿತ್ರೀ? ಹಾವಾ?" ಅವಳು ಉತ್ತರಿಸುವ ಮೊದಲೇ ಪಕ್ಕದ ಸೀಟಿನ ಹೆಂಗಸು ತಲೆಯಾಡಿಸಿದಳು: "ಏನ್ಮಾಡಾಕೆ ಆಗ್ತತೆ ತಾಯಿ, ಅದರ ಹಣೆಬರಹ."

ಸಂಧ್ಯಾರಾಣಿ ಕಿಟಕಿಯಿಂದ ಮುಖ ತಿರುಗಿಸಿದಳು. ಪಾಠ ಮಾಡುವ ದನಿಯಲ್ಲಿ, ಹಿಂದಿನ ಬೆಂಚಿಗೂ ಕೇಳುವ ಹಾಗೆ ಹೇಳಿದಳು.

"ಹಣೆಬರಹ ಅಲ್ಲಮ್ಮ. ಹುಳಕ್ಕೆ ಅಂತ ನಮ್ಮ ಮಾವ ಮೂವತ್ತೊಂದು ಗ್ರಾಂ ಅಡಿಕೆ ಪುಡಿ ಕುಡಿಸಿದ್ರು. ನಾಲ್ಕು ದಾಟಬಾರದಿತ್ತು. ಒದ್ದಾಡೋವಾಗ ಮೂರು ಗಂಟೆ ಮನೆಯಲ್ಲೇ ಇಟ್ಕೊಂಡ್ರು. ಚನ್ನಗಿರಿಯಲ್ಲಿ ಅದಕ್ಕೆ ಇಂಜೆಕ್ಷನ್ ಇತ್ತು."

ಅಡಿಕೆಯವರಿಬ್ಬರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ನಮ್ಮ ಮನೆಯವರೂ ಹಂಗೇ ಹೋಗಿದ್ದು," ಅಂದಳು. "ಗ್ಯಾಸು ಅಂತ ಮೂರು ಗಂಟೆ ಕೂರಿಸಿಕೊಂಡಿದ್ವಿ. ಹಾರ್ಟು."

ಪರಶುರಾಮ್ ಟಿಕೆಟ್ಟು ಹಿಡಿದ ಕೈಯನ್ನು ಹಾಗೇ ಚಾಚಿಕೊಂಡು ನಿಂತಿದ್ದ. ಅವನ ಅಂಗಿಯ ಜೇಬಿನಲ್ಲಿ ಬಿಸ್ಕತ್ತಿನ ಪೊಟ್ಟಣದ ತುದಿ ಕಾಣುತ್ತಿತ್ತು. ಅವಳು ಟಿಕೆಟ್ಟು ತೆಗೆದುಕೊಂಡು, ಮಡಚಿ, ಕೈಚೀಲದಲ್ಲಿ ಕೊರಳಪಟ್ಟಿಯ ಪಕ್ಕ ಇಟ್ಟಳು.